ಅರ್ಧ ತುಂಬಿದ ಟ್ಯಾಂಕರಿನ ಅಲೆ

ನೀರಿನ ಅಲೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ನನ್ನ ಹೊಟ್ಟೆಪಾಡು. ಯಾರಾದರೂ ವಿಚಾರಿಸಿದಾಗ ಹೀಗೆಂದರೆ ಎರಡನೆಯ ಪ್ರಶ್ನೆ ಬರುವುದಿಲ್ಲ. ‘ಓ ಹೌದಾ’ ಎಂದು ಮಾತನ್ನು ಮಕ್ಕಳ ಶಾಲೆಯ ಕಡೆಗೆ ತಿರುಗಿಸಿಬಿಡುತ್ತಾರೆ. ಹದಿನಾಲ್ಕು ವರ್ಷ ಒಂದು ದೊಡ್ಡ ಕಂಪನಿಯಲ್ಲಿ ಕೂತು ಪರದೇಶದ ಹಡಗುಗಳ ಸುತ್ತ ಏಳುವ ಅಲೆಗಳನ್ನು ನೋಡಿದೆ. ಅಷ್ಟು ವರ್ಷದಲ್ಲಿ ಒಮ್ಮೆಯೂ ಹಡಗು ಹತ್ತಲಿಲ್ಲ. ಆಮೇಲೆ ಆ ಕೆಲಸ ಬಿಟ್ಟು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ ಹಿಡಿದು, ಸಣ್ಣಪುಟ್ಟ ಕೆಲಸಗಳನ್ನು ಸ್ವಂತವಾಗಿ ಮಾಡತೊಡಗಿದೆ. ಬೋರ್ಡಿಲ್ಲ, ಸಹಾಯಕರಿಲ್ಲ. ರಿಪೋರ್ಟಿನ ಕೊನೆಯ ಪುಟದಲ್ಲಿ ಇರುವುದು ನನ್ನೊಬ್ಬಳ ಸಹಿ.

ಪೀಣ್ಯದ ಒಬ್ಬ ಶೆಡ್ ಮಾಲೀಕರು ಆ ಕೋಣೆಯನ್ನೇ ಹುಡುಕಿಕೊಂಡು ಬಂದರು. ಅವರದು ನೀರಿನ ಟ್ಯಾಂಕರ್ ಕಟ್ಟುವ ಶೆಡ್. ಬರೀ ಚಾಸಿ ಮತ್ತು ಕ್ಯಾಬಿನ್ ಇರುವ ಲಾರಿ ಬರುತ್ತದೆ, ಅದರ ಮೇಲೆ ಹನ್ನೆರಡು ಸಾವಿರ ಲೀಟರಿನ ಟ್ಯಾಂಕ್ ಕೂರಿಸಿ ಕಳಿಸುತ್ತಾರೆ. ಟ್ಯಾಂಕ್ ತುಂಬಿ ತುಳುಕುತ್ತಿದ್ದರೆ ತೊಂದರೆಯಿಲ್ಲ, ಖಾಲಿಯಿದ್ದರೂ ಇಲ್ಲ. ಅರ್ಧ ತುಂಬಿದಾಗಲೇ ರಗಳೆ. ಡ್ರೈವರ್ ಬ್ರೇಕ್ ಒತ್ತಿದರೆ ಒಳಗಿನ ನೀರೆಲ್ಲ ಒಂದೇ ಅಲೆಯಾಗಿ ಮುಂದಕ್ಕೆ ನುಗ್ಗಿ ಗೋಡೆಗೆ ಹೊಡೆಯುತ್ತದೆ, ಹಿಂದಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ. ಆ ಓಟಕ್ಕೆ ಅಡ್ಡ ಬರಲಿ ಎಂದು ಟ್ಯಾಂಕಿನೊಳಗೆ ತೂತುಗಳಿರುವ ಕಬ್ಬಿಣದ ಪ್ಲೇಟುಗಳನ್ನು ನಿಲ್ಲಿಸುತ್ತಾರೆ.

“ಮೇಡಂ, ನಮ್ಮಪ್ಪನ ಕಾಲದಿಂದ ಮೂರು ಪ್ಲೇಟ್ ಹಾಕ್ತಾ ಇದೀವಿ. ಯಾಕೆ ಮೂರು ಅಂತ ಯಾರಿಗೂ ಗೊತ್ತಿಲ್ಲ. ಎರಡು ಸಾಕಾ, ಸಾಲಲ್ವಾ, ಅಷ್ಟು ಹೇಳ್ಬಿಡಿ,” ಎಂದರು.

ಅಷ್ಟೇ ಪ್ರಶ್ನೆ. ಹಡಗಿನ ಕಂಪನಿಗಳು ನಲವತ್ತು ಪುಟದಲ್ಲಿ ಕೇಳುತ್ತಿದ್ದುದನ್ನು ಈ ಮನುಷ್ಯ ಒಂದು ಉಸಿರಿನಲ್ಲಿ ಕೇಳಿಬಿಟ್ಟಿದ್ದರು. ನನಗೆ ಅವರು ಹಿಡಿಸಿದರು.

ಅಳತೆ ತೆಗೆದುಕೊಳ್ಳಲು ಪೀಣ್ಯಕ್ಕೆ ಹೋದೆ. ಏಪ್ರಿಲ್ ತಿಂಗಳು, ಹನ್ನೊಂದು ಗಂಟೆಗೇ ಶೆಡ್ಡಿನ ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಒಂದು ಟ್ಯಾಂಕನ್ನು ಮಲಗಿಸಿದ್ದರು. ಒಂದು ಬದಿಯ ಮುಚ್ಚಳ ಕೂರಿಸಿದ್ದರು, ಇನ್ನೊಂದು ಬದಿ ತೆರೆದಿತ್ತು. ಆ ಬಾಯಿಯಿಂದ ಮೊದಲು ಹೊಗೆ ಬಂತು, ಆಮೇಲೆ ಒಬ್ಬ ಮನುಷ್ಯ ತೆವಳಿಕೊಂಡು ಬಂದರು. ಐವತ್ತರ ಆಸುಪಾಸು, ತೋಳಿಗೆ ಹಳೆಯ ಜೀನ್ಸಿನ ಕಾಲುಗಳನ್ನು ಕತ್ತರಿಸಿ ತೊಟ್ಟಿದ್ದರು. ಅಂಗಿ ಹಿಂಡಿದರೆ ಒಂದು ಚೊಂಬು ನೀರು ಬರುವಷ್ಟು ಒದ್ದೆ. ಪ್ಲೇಟುಗಳನ್ನು ಒಳಗೆ ನಿಲ್ಲಿಸಿ ವೆಲ್ಡ್ ಮಾಡುವವರು ಇವರೇ, ವಿಜಯಪುರದ ಕಡೆಯವರು, ಹನ್ನೆರಡು ವರ್ಷದಿಂದ ಇಲ್ಲೇ ಇದ್ದಾರೆ ಎಂದು ಮಾಲೀಕರು ಪರಿಚಯ ಹೇಳಿದರು.

“ನಿಮ್ಮ ಕಡೆ ಬಿಸಿಲು ಇದಕ್ಕಿಂತ ಜೋರಲ್ವಾ ಅಣ್ಣ?” ಎಂದೆ, ಏನಾದರೂ ಮಾತಾಡಬೇಕಲ್ಲ ಎಂದು.

“ಜೋರೈತ್ರಿ ಅಕ್ಕಾರ. ಆದ್ರ ಅಲ್ಲಿ ಗಿಡದ ಬುಡಕ ಕುಂದರಬಹುದು,” ಎಂದರು. ಆಮೇಲೆ ಮಾಲೀಕರು ಫೋನಿಗೆಂದು ಆಚೆ ಹೋದಾಗ ನಗುತ್ತ ಸೇರಿಸಿದರು: “ಎರಡ ಸಾಕಂತ ಬರೀರಿ ಅಕ್ಕಾರ. ನಡುವಿನ ಪ್ಲೇಟ ಇರ್ತೈತಲ್ರಿ, ಅದs ಭಾಳ ಕಾಡತೈತಿ. ನಿಮಗ ಪುಣ್ಯ ಬರ್ತೈತಿ.”

ತಮಾಷೆಗೇ ಹೇಳಿದ್ದು. ನಾನೂ ನಕ್ಕೆ. ಆದರೆ ಮೆಟ್ರೋದಲ್ಲಿ ವಾಪಸು ಬರುವಾಗ ಎ.ಸಿ. ತಂಪಿನಲ್ಲಿ ಕೂತು, ಎರಡೇ ಸಾಕಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡದ್ದು ನೆನಪಿದೆ. ಲೆಕ್ಕ ಹಾಕುವ ಮುಂಚೆಯೇ ಉತ್ತರ ಬಯಸುವುದು ನನ್ನ ಕಸುಬಿನಲ್ಲಿ ಕೆಟ್ಟ ಚಾಳಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದರೆ ಸಾಕು, ನಾನು ಅದಕ್ಕೆ ಬಲಿಯಾಗುವುದಿಲ್ಲ ಎಂಬ ಜಂಬವೂ ಇತ್ತು.

ನಾನು ಮಾಡುವ ಕೆಲಸ ಏನೆಂದು ಇಲ್ಲಿ ಸ್ವಲ್ಪ ಹೇಳಬೇಕು. ಬಚ್ಚಲುಮನೆಯ ಗೋಡೆಯ ಟೈಲ್ಸ್ ಮೇಲೆ ಒಂದು ಅಲೆಯ ಚಿತ್ರ ಬಿಡಿಸಬೇಕು, ಆದರೆ ಒಂದು ಟೈಲಿಗೆ ಒಂದೇ ಬಣ್ಣ ಬಳಿಯಬಹುದು ಎಂದುಕೊಳ್ಳಿ. ದೊಡ್ಡ ಟೈಲಾದರೆ ಅಲೆ ಮೆಟ್ಟಿಲಿನಂತೆ ಕಾಣುತ್ತದೆ. ಟೈಲು ಸಣ್ಣದಾದಷ್ಟೂ ಅಲೆ ಅಲೆಯಾಗುತ್ತದೆ. ಕಂಪ್ಯೂಟರಿನಲ್ಲಿ ಟ್ಯಾಂಕಿನ ಒಳಗನ್ನೆಲ್ಲ ಹೀಗೆ ಪುಟ್ಟ ಪುಟ್ಟ ಖಾನೆಗಳಾಗಿ ಕತ್ತರಿಸುತ್ತೇವೆ. ಅದಕ್ಕೆ ಮೆಶ್ ಎನ್ನುತ್ತೇವೆ. ಪ್ರತಿ ಖಾನೆಯಲ್ಲೂ ನೀರೆಷ್ಟು, ಗಾಳಿಯೆಷ್ಟು, ಯಾವ ಕಡೆಗೆ ಓಡುತ್ತಿದೆ ಎಂದು ಯಂತ್ರ ಲೆಕ್ಕ ಹಾಕುತ್ತ ಹೋಗುತ್ತದೆ. ಖಾನೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ಮಾತ್ರ ಯಂತ್ರ ಹೇಳುವುದಿಲ್ಲ. ಅದನ್ನು ಕೂತವರು ನಿರ್ಧರಿಸಬೇಕು. ಉದ್ದ, ಅಗಲ, ಎತ್ತರ ಮೂರನ್ನೂ ಅರ್ಧಕ್ಕಿಳಿಸಿದರೆ ಖಾನೆಗಳು ಎಂಟು ಪಟ್ಟಾಗುತ್ತವೆ. ಕಾಲವನ್ನೂ ಅಷ್ಟೇ ಸಣ್ಣ ಹೆಜ್ಜೆಗಳಲ್ಲಿ ದಾಟಬೇಕಾಗುವುದರಿಂದ ಕೆಲಸ ಹದಿನಾರು ಪಟ್ಟಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ: ಖಾನೆ ಸಣ್ಣದು ಮಾಡಿ ಮತ್ತೆ ಲೆಕ್ಕ ಹಾಕು, ಉತ್ತರ ಬದಲಾದರೆ ಇನ್ನೂ ಸಣ್ಣದು ಮಾಡು, ಬದಲಾಗದೆ ನಿಂತರೆ ನೀನೂ ನಿಲ್ಲು.

ಮೊದಲ ಸಲ ಹತ್ತು ಸೆಂಟಿಮೀಟರಿನ ಖಾನೆ ಇಟ್ಟೆ. ಎರಡು ಪ್ಲೇಟಿನ ಟ್ಯಾಂಕು, ಅರ್ಧ ನೀರು, ಬ್ರೇಕ್. ಅಲೆ ಎದ್ದು ಮುಂದಿನ ಗೋಡೆಗೆ ಹೊಡೆಯಿತು, ಹಿಂದೆ ಹೋಗಿ ಇನ್ನೊಂದು ಸಲ ಬಂತು, ಆಮೇಲೆ ಸುಮ್ಮನಾಯಿತು. ಎರಡೇ ಏಟು. ಮೂರು ಪ್ಲೇಟು ಇಟ್ಟು ನೋಡಿದರೂ ಹೆಚ್ಚುಕಡಿಮೆ ಅದೇ. ನನಗೆ ಖುಷಿಯಾಯಿತು. ಪದ್ಧತಿಯಂತೆ ಖಾನೆಯನ್ನು ಸಣ್ಣದು ಮಾಡಬೇಕಿತ್ತು, ಮಾಡಿದೆ. ಆದರೆ ಮೂರೂ ದಿಕ್ಕಿಗೆ ಮಾಡಿದರೆ ಹದಿನಾರು ಪಟ್ಟು ಕಾಯಬೇಕಲ್ಲ, ಅಲೆ ಓಡುವುದು ಟ್ಯಾಂಕಿನ ಉದ್ದಕ್ಕೆ, ಹಾಗಾಗಿ ಉದ್ದಕ್ಕೆ ಮಾತ್ರ ಕತ್ತರಿಸಿದರಾಯಿತು ಎಂದುಕೊಂಡೆ. ಹತ್ತನ್ನು ಐದು ಮಾಡಿದೆ, ಐದನ್ನು ಎರಡೂವರೆ ಮಾಡಿದೆ. ಉತ್ತರ ಒಂಚೂರೂ ಅಲುಗಾಡಲಿಲ್ಲ. ಮೂರು ಗೆರೆಗಳು ಒಂದರ ಮೇಲೊಂದು ಕೂತಿದ್ದ ಆ ಗ್ರಾಫನ್ನು ರಿಪೋರ್ಟಿನಲ್ಲಿ ದೊಡ್ಡದಾಗಿ ಹಾಕಿ, ‘ಎರಡು ಪ್ಲೇಟು ಸಾಕು’ ಎಂದು ಬರೆದು ಸಹಿ ಮಾಡಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎತ್ತರದ ದಿಕ್ಕಿನಲ್ಲಿ ಖಾನೆ ಹತ್ತು ಸೆಂಟಿಮೀಟರಿಗೇ ನಿಂತಿತ್ತು. ಅಲೆಯ ಎತ್ತರವೇ ನಲವತ್ತು. ಅಂದರೆ ಇಡೀ ಅಲೆ ನಾಲ್ಕು ಖಾನೆಗಳಲ್ಲಿ ಮುದುರಿಕೊಂಡಿತ್ತು. ಹಡಗಿನ ಕೆಲಸದಲ್ಲಿ ಅಲೆಯ ಎತ್ತರಕ್ಕೆ ಇಪ್ಪತ್ತು ಖಾನೆಗಿಂತ ಕಡಿಮೆ ಇಟ್ಟರೆ ನಮ್ಮ ಹಿರಿಯ ಎಂಜಿನಿಯರು ಕಾಗದವನ್ನು ಓದದೆಯೇ ವಾಪಸು ಕೊಡುತ್ತಿದ್ದರು. ಪರದೇಶದ ಹಡಗಿಗೆ ಇಪ್ಪತ್ತು ಇಡುತ್ತಿದ್ದವಳು ಪೀಣ್ಯದ ಟ್ಯಾಂಕರಿಗೆ ನಾಲ್ಕು ಇಟ್ಟೆ. ನೀರು ಹೊರುವ ಲಾರಿಗೆ ಅಷ್ಟೆಲ್ಲ ಯಾಕೆ ಎಂಬ ಅಸಡ್ಡೆ ಒಳಗೆಲ್ಲೋ ಇದ್ದಿರಬೇಕು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಖಾನೆ ಅಷ್ಟು ದಪ್ಪವಿದ್ದರೆ ನೀರಿಗೂ ಗಾಳಿಗೂ ನಡುವಿನ ಗೆರೆ ಉಳಿಯುವುದಿಲ್ಲ. ಎರಡೂ ಕಲಸಿಹೋಗಿ ಗಂಜಿಯಂತಾಗುತ್ತದೆ. ಗಂಜಿಯಲ್ಲಿ ಅಲೆ ಎಷ್ಟು ಹೊತ್ತು ಬಾಳೀತು? ಎರಡು ಏಟಿಗೆ ಅದು ಸುಮ್ಮನಾದದ್ದು ಪ್ಲೇಟುಗಳಿಂದಲ್ಲ, ನನ್ನ ಮೆಶ್ಶಿನಿಂದ. ಉದ್ದಕ್ಕೆ ಎಷ್ಟು ಕತ್ತರಿಸಿದರೂ ಆ ಗಂಜಿ ಗಂಜಿಯಾಗಿಯೇ ಇತ್ತು, ಅದಕ್ಕೇ ಉತ್ತರ ಬದಲಾಗಲಿಲ್ಲ. ಇದೆಲ್ಲ ಆಗ ಹೊಳೆಯಲಿಲ್ಲ. ಹೊಳೆಯದಿರಲು ಕಾರಣ ಬುದ್ಧಿ ಕಡಿಮೆಯಾದದ್ದಲ್ಲ. ಬೇಕಾದ ಉತ್ತರ ಸಿಕ್ಕಿದೊಡನೆ ನಾನು ಹುಡುಕುವುದನ್ನು ನಿಲ್ಲಿಸಿದ್ದೆ.

ನಾನಿರುವುದು ಚಂದಾಪುರದಲ್ಲಿ, ಎಂಟು ಮನೆಗಳ ಒಂದು ಕಟ್ಟಡದಲ್ಲಿ. ಮರುವರ್ಷದ ಬೇಸಿಗೆಗೆ ನಮ್ಮ ಬೋರ್‌ವೆಲ್ ಕೈಕೊಟ್ಟಿತು, ದಿನ ಬಿಟ್ಟು ದಿನ ಟ್ಯಾಂಕರ್ ಬರತೊಡಗಿತು. ನಮ್ಮ ಸಂಪು ಸಣ್ಣದು, ಅರ್ಧ ಲೋಡು ನಮಗೆ, ಉಳಿದರ್ಧ ಆನೇಕಲ್ ರಸ್ತೆಯ ಇನ್ನೊಂದು ಕಟ್ಟಡಕ್ಕೆ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದೆ. ಕೆಳಗೆ ನಿಂತಿದ್ದ ಟ್ಯಾಂಕಿನ ಹಿಂಬದಿಯಲ್ಲಿ ಪೀಣ್ಯದ ಆ ಶೆಡ್ಡಿನ ಗುರುತು, ಅದರ ಕೆಳಗೆ ಕಟ್ಟಿದ ತಿಂಗಳು ಕಾಣಿಸಿತು. ನನ್ನ ರಿಪೋರ್ಟಿನ ನಂತರ ಕಟ್ಟಿದ್ದು. ಎರಡು ಪ್ಲೇಟಿನದು.

ನಮ್ಮ ಕೆಲಸದವರಿಗೆ ಲೆಕ್ಕ ಹಾಕಿದ ವಸ್ತು ಕಣ್ಣೆದುರು ಬರುವುದು ಅಪರೂಪ. ಚಪ್ಪಲಿ ಮೆಟ್ಟಿಕೊಂಡು ಓಡಿಯೇ ಇಳಿದೆ. ಡ್ರೈವರು ಆನೇಕಲ್ ಕಡೆಯ ಹಳ್ಳಿಯವರು, ಮೂವತ್ತೈದರ ಒಳಗಿನವರು, ಪೈಪ್ ಸುತ್ತಿಡುತ್ತಿದ್ದರು. ಈ ಟ್ಯಾಂಕರಿನ ವಿಚಾರವಾಗಿ ಸ್ವಲ್ಪ ಕೆಲಸ ಮಾಡಿದ್ದೇನೆ, ಮುಂದಿನ ಕಟ್ಟಡದವರೆಗೆ ಕೂತು ಬರಲಾ ಎಂದು ಕೇಳಿದೆ. ಅವರು ಒಂದು ಕ್ಷಣ ನನ್ನನ್ನೂ ನನ್ನ ಮನೆಯ ಉಡುಪನ್ನೂ ನೋಡಿದರು.

“ಬನ್ನಿ ಅಕ್ಕ, ಅದಕ್ಕೇನಂತೆ. ಸೀಟ್ ಮೇಲೆ ಧೂಳೈತೆ, ನೋಡ್ಕೊಳಿ.”

ಹೊರಟೆವು. ಹಿಂದೆ ಆರು ಸಾವಿರ ಲೀಟರ್ ನೀರು. ಮೊದಲ ರೋಡ್ ಹಂಪಿನ ಹತ್ತಿರ ಅವರು ಬ್ರೇಕ್ ಒತ್ತಿದರು. ಗಾಡಿ ನಿಧಾನವಾಯಿತು. ಆಮೇಲೆ ಹಿಂದಿನಿಂದ ಧಬ್ ಎಂದು ಒಂದು ನೂಕು, ಕ್ಯಾಬಿನ್ ಇಡೀ ಮುಂದಕ್ಕೆ ಬಗ್ಗಿ ಎದ್ದಿತು. ಒಂದು ಎಂದು ಎಣಿಸಿದೆ. ಮೂರು ಸೆಕೆಂಡಿಗೆ ಎರಡನೆಯದು. ಮುಗಿಯಿತು ಎಂದುಕೊಂಡೆ, ಯಾಕೆಂದರೆ ನನ್ನ ರಿಪೋರ್ಟಿನಲ್ಲಿ ಅಷ್ಟೇ ಇದ್ದದ್ದು. ಮೂರನೆಯದು ಬಂತು. ನಾಲ್ಕು, ಐದು. ಏಳರವರೆಗೆ ಎಣಿಸಿದೆ. ಏಳನೆಯದು ಬರುವಷ್ಟರಲ್ಲಿ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

“ಯಾವಾಗ್ಲೂ ಇಂಗೇನಾ?” ಎಂದೆ. ಅವರ ಭಾಷೆ ನನ್ನ ಬಾಯಿಗೂ ಬಂದಿತ್ತು.

“ಒಸ ಗಾಡಿ ಅಲ್ವಾ ಅಕ್ಕ, ಇದು ಜಾಸ್ತಿನೇ ತಳ್ಳುತ್ತೆ. ಅಳೇದು ಇಷ್ಟಿರ್ಲಿಲ್ಲ. ಗಾಡಿಗೆ ಬ್ರೇಕ್ ಐತೆ, ನೀರಿಗಿಲ್ವಲ್ಲ,” ಎಂದು ನಕ್ಕರು. ಮುಂದೆ ತಿರುವಿನಲ್ಲಿ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ರಸ್ತೆ ದಾಟುತ್ತಿದ್ದಳು. ಅವರು ಎಷ್ಟೋ ಮೊದಲೇ, ನನಗೆ ಅನಗತ್ಯ ಅನ್ನಿಸುವಷ್ಟು ಹಿಂದೆಯೇ ಗಾಡಿ ನಿಲ್ಲಿಸಿದರು. ನೀರು ಬಂದು ಹೊಡೆಯಿತು, ಗಾಡಿ ಒಂದು ಗೇಣು ಜರುಗಿ ನಿಂತಿತು. “ನೋಡಿ, ಇದಕ್ಕೇ ನಾನು ಒಂದಿಷ್ಟು ಜಾಗ ಬಿಟ್ಕೊತೀನಿ. ಇದು ಅಂಗೆ ಅಂತ ಗೊತ್ತಾಗೋಗೈತೆ. ರಜಾ ಆಕಿದ್ದಿನ ಬೇರೆಯವ್ರು ಓಡಿಸ್ತಾರಲ್ಲ, ಅವ್ರಿಗೆ ಯೋಳ್ಬಿಟ್ಟೇ ಓಗ್ತೀನಿ.”

ಹೇಳುವುದನ್ನು ಮರೆತ ದಿನ? ಮಗು ಕೈ ಬಿಡಿಸಿಕೊಂಡ ದಿನ? ನನ್ನ ತಪ್ಪನ್ನು ಈ ಮನುಷ್ಯ ದಿನಾ ಬೆಳಿಗ್ಗೆಯಿಂದ ಸಂಜೆಯವರೆಗೆ ರಸ್ತೆಯ ಮೇಲೆ ಜಾಗ ಬಿಟ್ಟು ಬಿಟ್ಟು ತುಂಬಿಕೊಡುತ್ತಿದ್ದರು, ಅದು ತಪ್ಪೆಂದೂ ಅವರಿಗೆ ಗೊತ್ತಿರಲಿಲ್ಲ. ಆ ಕಟ್ಟಡ ಬಂದಾಗ ಇಳಿದು, ಥ್ಯಾಂಕ್ಸ್ ಹೇಳಿ, ಆಟೋ ಹತ್ತಿ ನೇರ ಕೋಣೆಗೆ ಹೋದೆ. ಬಾಗಿಲು ತೆರೆಯುವಾಗಲೇ ಎತ್ತರದ ದಿಕ್ಕಿನ ಆ ಹತ್ತು ಸೆಂಟಿಮೀಟರು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಈ ಸಲ ಅಡ್ಡದಾರಿ ಹಿಡಿಯಲಿಲ್ಲ. ನೀರಿನ ಮೇಲ್ಮೈ ಎಲ್ಲೆಲ್ಲಿ ಓಡಾಡಬಹುದೋ ಅಷ್ಟು ಪಟ್ಟಿಯಲ್ಲಿ ಖಾನೆಗಳನ್ನು ಮೂರೂ ದಿಕ್ಕಿಗೆ ಐದು ಸೆಂಟಿಮೀಟರಿಗೆ ಇಳಿಸಿದೆ. ಕೆಳಗಿನ ನೀರು, ಮೇಲಿನ ಗಾಳಿ ದಪ್ಪ ಖಾನೆಯಲ್ಲೇ ಇರಲಿ, ಅಲ್ಲಿ ಅಂಥದ್ದೇನೂ ನಡೆಯುವುದಿಲ್ಲ. ಮಾರನೆಯ ದಿನ ನೋಡಿದರೆ ಎರಡು ಪ್ಲೇಟಿನ ಟ್ಯಾಂಕಿನಲ್ಲಿ ಐದು ಏಟು. ಎರಡೂವರೆಗೆ ಇಳಿಸಿದೆ, ಎರಡು ದಿನ ಹಿಡಿಯಿತು. ಏಳು ಏಟು, ಮೂರು ಸೆಕೆಂಡಿಗೊಂದರಂತೆ, ನಾನು ಸೀಟಿನ ಮೇಲೆ ಕೂತು ಎಣಿಸಿದ ಹಾಗೆಯೇ. ಅದೇ ಮೆಶ್ಶಿನಲ್ಲಿ ಮೂರನೆಯ ಪ್ಲೇಟು ನಿಲ್ಲಿಸಿದೆ. ಅಲೆ ಎರಡು ಸಲ ಮೆತ್ತಗೆ ತಾಗಿ ಸುಮ್ಮನಾಯಿತು. ಪರದೆಯ ಮೇಲೆ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಬೇರೆ ದಿನವಾಗಿದ್ದರೆ ಕೂತು ನೋಡುತ್ತಿದ್ದೆ.

ಮಾಲೀಕರ ಅಪ್ಪನ ಕಾಲದ ಮೂರೇ ಸರಿ. ಅಷ್ಟರಲ್ಲಿ ಎರಡು ಪ್ಲೇಟಿನ ನಾಲ್ಕು ಟ್ಯಾಂಕರುಗಳು ರಸ್ತೆಯ ಮೇಲಿದ್ದವು.

ಫೋನಿನಲ್ಲಿ ಹೇಳುವ ವಿಷಯವಲ್ಲ ಎಂದು ಪೀಣ್ಯಕ್ಕೆ ಹೋದೆ. ಹೊಸೂರು ರಸ್ತೆಯಿಂದ ಪೀಣ್ಯದವರೆಗೆ ಊರಿನ ಈ ತುದಿಯಿಂದ ಆ ತುದಿ. ಒಂದೂವರೆ ಗಂಟೆ ಹೇಗೆ ಹೇಳುವುದೆಂದು ಮಾತು ಜೋಡಿಸಿದೆ, ಅವರೆದುರು ನಿಂತಾಗ ಒಂದೂ ನೆನಪಾಗಲಿಲ್ಲ.

“ಸಾರ್, ನನ್ನ ಲೆಕ್ಕ ತಪ್ಪಾಗಿದೆ. ಮೂರು ಬೇಕು,” ಎಂದೆ.

ಅವರು ಕುರ್ಚಿಯಿಂದ ಏಳಲಿಲ್ಲ. ಮುಖ ಮಾತ್ರ ಕೆಂಪಾಯಿತು. “ಮೇಡಂ, ಮೂರ್ ಸಲ ಚೆಕ್ ಮಾಡಿದೀನಿ ಅಂತ ನೀವೇ ಗ್ರಾಫ್ ತೋರ್ಸಿದ್ರಿ.”

“ತೋರ್ಸಿದ್ದೆ. ಮೂರು ಸಲವೂ ಒಂದೇ ತಪ್ಪು ಮಾಡಿದ್ದೆ.”

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ ಫೋನ್ ತೆಗೆದು ನಾಲ್ಕೂ ಗಾಡಿಯವರಿಗೆ ಒಬ್ಬೊಬ್ಬರಿಗೇ ಮಾಡಿದರು. ಸಣ್ಣ ಕೆಲಸ ಬಾಕಿ ಉಳಿದಿದೆ, ಮಾಡಿಕೊಡುತ್ತೇವೆ, ತಂದು ಬಿಡಿ, ಅಲ್ಲಿಯವರೆಗೆ ಅರ್ಧ ಲೋಡು ಓಡಿಸಬೇಡಿ ಎಂದರು. ನನ್ನ ಹೆಸರು ಎತ್ತಲಿಲ್ಲ. ಅದು ದೊಡ್ಡತನವೋ ಬೇಸರವೋ ನನಗೆ ಇವತ್ತಿಗೂ ಗೊತ್ತಿಲ್ಲ.

ವೆಲ್ಡರಿಗೆ ನಾನೇ ಹೇಳುತ್ತೇನೆ ಎಂದೆ. ಎರಡು ದಿನಕ್ಕೆ ಚಂದಾಪುರದ ಗಾಡಿ ಮೊದಲು ಬಂತು, ನಾನೂ ಪೀಣ್ಯಕ್ಕೆ ಹೋದೆ. ವೆಲ್ಡರು ಅದರ ಪಕ್ಕದಲ್ಲಿ ನಿಂತು, ಟ್ಯಾಂಕಿನ ನೆತ್ತಿಯ ಮೇಲಿನ ಮ್ಯಾನ್‌ಹೋಲನ್ನು ನೋಡುತ್ತಿದ್ದರು. ಆಗ ನನಗೆ ಇನ್ನೊಂದು ವಿಷಯ ಗೊತ್ತಾಯಿತು. ಹೊಸ ಟ್ಯಾಂಕಾದರೆ ಒಂದು ಬದಿ ತೆರೆದಿರುತ್ತದೆ, ಇಡೀ ಪ್ಲೇಟನ್ನು ಒಳಗೆ ತಳ್ಳಿ ನಿಲ್ಲಿಸಬಹುದು, ಹೊಗೆ ಹೋಗಲು ದಾರಿಯಿರುತ್ತದೆ. ಮುಗಿದ ಟ್ಯಾಂಕಿಗೆ ಎರಡೂ ಬದಿ ಮುಚ್ಚಿರುತ್ತದೆ. ಮೇಲಿನ ತೂತಿನಿಂದ ಮನುಷ್ಯ ಇಳಿಯಬೇಕು, ಪ್ಲೇಟನ್ನು ಮೂರು ತುಂಡು ಮಾಡಿ ಅದೇ ತೂತಿನಿಂದ ಇಳಿಸಿ ಒಳಗೆ ಜೋಡಿಸಬೇಕು. ಒಳಗೆ ಬಣ್ಣ ಬಳಿದಿರುತ್ತದೆ. ಕೆರೆದು ತೆಗೆದರೂ ಉಳಿದಷ್ಟು ಬಣ್ಣ ವೆಲ್ಡಿಂಗಿನ ಕಾವಿಗೆ ಸುಟ್ಟು ಹೊಗೆಯಾಡುತ್ತದೆ. ಯಾರ ಕಷ್ಟ ಒಂದು ಪ್ಲೇಟಿನಷ್ಟು ಕಡಿಮೆಯಾಗಲಿ ಎಂದು ಬಯಸಿದ್ದೆನೋ, ಅವರನ್ನೇ ಅದರ ನಾಲ್ಕು ಪಟ್ಟು ಕಷ್ಟಕ್ಕೆ ಇಳಿಸುತ್ತಿದ್ದೆ.

“ಅಣ್ಣ, ತಪ್ಪು ನಂದು,” ಎಂದೆ.

ಅವರು ನನ್ನ ಕಡೆ ತಿರುಗಿದರು. “ಈ ಸಲ ಖರೇ ಏನ್ರಿ ಅಕ್ಕಾರ? ಇದ ಕಡೀದೇನು?” ಎಂದು ಕೇಳಿದರು. ನಗು ಇರಲಿಲ್ಲ.

ಹೌದು ಎನ್ನಲು ಬಾಯಿ ತೆರೆದಿದ್ದೆ. ಆಗಲಿಲ್ಲ. ಎರಡೂವರೆ ಸೆಂಟಿಮೀಟರಿನ ಖಾನೆಯೆಂದರೆ ಅಲೆಯ ಎತ್ತರಕ್ಕೆ ಹದಿನಾರು. ಇಪ್ಪತ್ತಲ್ಲ. ಎಣಿಸಿದ ಏಳಕ್ಕೆ ಏಳು ತಾಳೆಯಾಯಿತಲ್ಲ ಎಂದು ಮತ್ತೆ ಬೇಗ ನಿಲ್ಲಿಸಿದ್ದೆ. ಮೂರು ಪ್ಲೇಟಿನ ಟ್ಯಾಂಕಿನಲ್ಲಿ ನಾನು ಯಾವತ್ತೂ ಕೂತು ಎಣಿಸಿಯೂ ಇರಲಿಲ್ಲ.

“ಎರಡು ಸಲ ಅರ್ಧ ಮಾಡಿ ನೋಡಿದೀನಿ ಅಣ್ಣ. ಮೊದಲನೇ ಸಲ ಉತ್ತರ ತುಂಬಾ ಬದಲಾಯ್ತು, ಎರಡನೇ ಸಲ ಕಮ್ಮಿ. ಇನ್ನೊಂದು ಸಲ ಅರ್ಧ ಮಾಡಿ ನೋಡಿಲ್ಲ. ದೊಡ್ಡ ಯಂತ್ರ ತಗೊಂಡ್ರೂ ಅದಕ್ಕೆ ಐದು ದಿನ ಬೇಕು.”

“ಹಂಗಾರ ನೋಡೇ ಬರ್ರಿ,” ಎಂದರು. “ಐದ ದಿನ ಗಾಡಿ ನಿಲ್ಲಲಿ. ನಾ ಇದರಾಗ ಒಮ್ಮೆ ಇಳಿಯಾಂವ. ನೀವು ಮತ್ತ ಬಂದು ನಾಕ ಬೇಕಂದ್ರ ನಾ ಇಳಿಯಂಗಿಲ್ಲ.” ಮುಖಕ್ಕೆ ಹಿಡಿಯುವ ಶೀಲ್ಡನ್ನು ಲಾರಿಯ ಬಂಪರಿನ ಮೇಲಿಟ್ಟು ಚಹಾ ಕುಡಿಯಲು ಹೋದರು.

ಮಾಲೀಕರು ಗೊಣಗಿದರು, ಆದರೆ ಇಳಿ ಎಂದು ಅವರಿಗೆ ಹೇಳಲಿಲ್ಲ. ನಾನು ದೊಡ್ಡ ಯಂತ್ರವೊಂದನ್ನು ಬಾಡಿಗೆಗೆ ತೆಗೆದುಕೊಂಡು ಖಾನೆಯನ್ನು ಒಂದೂಕಾಲು ಸೆಂಟಿಮೀಟರಿಗೆ ಇಳಿಸಿದೆ. ಆ ಐದು ದಿನ ಏನನ್ನೂ ಬಯಸಬಾರದು ಎಂದು ಹಟ ಹಿಡಿದೆ. ಮೂರೇ ಸಾಕಾಗಲಿ ಎಂಬ ಮಾತು ತಲೆಯಲ್ಲಿ ಎದ್ದಾಗಲೆಲ್ಲ ಎದ್ದು ಹೋಗಿ ಪಾತ್ರೆ ತೊಳೆದೆ. ಮನೆಯಲ್ಲಿ ಎಂದೂ ಅಷ್ಟು ಚೊಕ್ಕವಾಗಿ ಪಾತ್ರೆ ಇದ್ದದ್ದಿಲ್ಲ. ಐದನೆಯ ದಿನ ಮಧ್ಯಾಹ್ನ ಲೆಕ್ಕ ಮುಗಿಯಿತು. ಮೂರು ಪ್ಲೇಟಿಗೆ ಎರಡು ಮೆತ್ತನೆಯ ಏಟು, ಗೆರೆ ಹಿಂದಿನದರ ಮೇಲೇ ಕೂತಿತ್ತು. ಈ ಸಲ ಎತ್ತರ, ಉದ್ದ, ಅಗಲ ಒಂದೊಂದನ್ನೂ ಬೆರಳಿಟ್ಟು ಪರೀಕ್ಷಿಸಿದೆ. ಜೊತೆಗೇ ಓಡಿಸಿದ್ದ ನಾಲ್ಕು ಪ್ಲೇಟಿನ ಲೆಕ್ಕವನ್ನೂ ನೋಡಿದೆ, ನಾಲ್ಕನೆಯದು ಬೇಡ ಎಂದು ಬಂತು.

ಮರುದಿನ ಬೆಳಿಗ್ಗೆ ಪೀಣ್ಯದಲ್ಲಿದ್ದೆ. “ಮೂರು ಅಣ್ಣ. ಇದೇ ಕೊನೆ,” ಎಂದೆ. ಅವರು ನನ್ನ ಮುಖವನ್ನು ಒಂದು ಸಲ ನೋಡಿ, ತೋಳಿಗೆ ಆ ಜೀನ್ಸಿನ ಕಾಲುಗಳನ್ನು ಏರಿಸಿಕೊಂಡರು. ಗಾಳಿ ಊದುವ ಬ್ಲೋವರಿನ ಪೈಪು ಒಳಗೆ ಇಳಿಬಿಟ್ಟರು. ಆಮೇಲೆ ತಾವೂ ಕಾಲು ಮೊದಲಾಗಿ ಇಳಿದು, ಭುಜ ಓರೆ ಮಾಡಿ ಮಾಯವಾದರು.

ನಾನು ಹೊರಡಲು ಬ್ಯಾಗು ಎತ್ತಿಕೊಂಡೆ. ಮಾಲೀಕರು ಒಂದು ಸುತ್ತಿಗೆಯನ್ನು ನನ್ನ ಕಡೆ ಚಾಚಿದರು.

“ಎಲ್ ಹೊರಟ್ರಿ ಮೇಡಂ? ಒಳಗೆ ಮನುಷ್ಯ ಇದ್ರೆ, ಕೆಲಸ ಹೇಳ್ದೋರು ಮೇಲೆ ಕೂರ್ಬೇಕು. ನಮ್ ಶೆಡ್ ರೂಲ್ಸು. ನಾನ್ ಹೇಳಿದ್ರೆ ನಾನ್ ಕೂರ್ತೀನಿ. ಇದನ್ನ ಹೇಳಿರೋದು ನೀವು. ಎರಡ್ ನಿಮಿಷಕ್ಕೊಂದ್ ಸಲ ಎರಡೇಟು ಹೊಡೀರಿ, ಅವ್ರು ಒಳಗಿಂದ ಎರಡು ಹೊಡೀತಾರೆ. ಹತ್ತು ಎಣಿಸೋದ್ರಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಕೂಗಿ, ಹಗ್ಗ ಇದೆ, ಎಲ್ಲಾ ಬರ್ತೀವಿ.”

ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಹಿಂದಿನ ಏಣಿ ಹತ್ತಿದೆ. ಮ್ಯಾನ್‌ಹೋಲಿನ ಪಕ್ಕ ಗೋಣಿಚೀಲ ಹಾಸಿ ಕೂತೆ. ಒಳಗೆ ಕತ್ತಲು, ಆಗಾಗ ನೀಲಿ ಬೆಳಕು, ಸುಟ್ಟ ಬಣ್ಣದ ಘಾಟು. ಒಂದು ವರ್ಷದಿಂದ ನೂರಾರು ಸಲ ಪರದೆಯ ಮೇಲೆ ನೋಡಿದ್ದ ಟ್ಯಾಂಕಿನ ಒಳಗನ್ನು ಅವತ್ತೇ ಮೊದಲ ಸಲ ಬಗ್ಗಿ ನೋಡಿದ್ದು. ಎರಡೇಟು ಹೊಡೆದೆ. ಕೆಳಗಿನಿಂದ ಎರಡೇಟು ಬಂತು. ಮೂರು ತುಂಡುಗಳಲ್ಲಿ ಮೊದಲನೆಯದು ಕೂತಿತು, ಎರಡನೆಯದು ಕೂತಿತು. ಬಿಸಿಲೇರಿ ಕೂತ ಜಾಗ ಸುಡತೊಡಗಿತು, ಗೋಣಿಯನ್ನು ಎರಡು ಮಡಿಕೆ ಮಾಡಿಕೊಂಡೆ.

ಒಂದು ಸಲ ಹೊಡೆದಾಗ ಉತ್ತರ ಬರಲಿಲ್ಲ. ಎಣಿಸಿದೆ. ಮೂರು, ನಾಲ್ಕು. ನೀಲಿ ಬೆಳಕೂ ಇರಲಿಲ್ಲ. ಆರು, ಏಳು. ಅಷ್ಟು ಭಯ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಎಂಟು ಎನ್ನುವಾಗ ಟಣ್, ಟಣ್ ಎಂದಿತು, ಹಿಂದೆಯೇ “ರಾಡ್ ಬದಲ ಮಾಡಾಕತ್ತಿದ್ನಿರೀ” ಎಂಬ ದನಿ. ಕಣ್ಣೀರು ಬಂದದ್ದನ್ನು ಹೊಗೆಯ ಮೇಲೆ ಹಾಕಿದೆ, ಯಾರೂ ಕೇಳಲಿಲ್ಲ.

ಮಧ್ಯಾಹ್ನ ಅವರು ಮೇಲೆ ಬಂದು, ಮ್ಯಾನ್‌ಹೋಲಿನ ಅಂಚಿನಲ್ಲಿ ಕೂತು ನಾನು ಕೊಟ್ಟ ನೀರಿನ ಬಾಟಲಿಯನ್ನು ಒಂದೇ ಸಲಕ್ಕೆ ಖಾಲಿ ಮಾಡಿದರು. ಮುಖ ಒರೆಸಿಕೊಂಡರು. ಶೆಡ್ಡಿನ ಗೇಟಿನ ಹತ್ತಿರ ಎರಡನೆಯ ಟ್ಯಾಂಕರ್ ಬಂದು ನಿಂತಿತ್ತು. ಅದನ್ನು ನೋಡುತ್ತ ಹೇಳಿದರು:

“ಉಳದ ಮೂರಕ್ಕೂ ನೀವs ಬಂದು ಕುಂದರ್ರಿ ಅಕ್ಕಾರ.”

“ಬರ್ತೀನಿ ಅಣ್ಣ,” ಎಂದೆ. ಸುತ್ತಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು.